ಕೋವಿ ಠಾಣೆಯಲ್ಲಿದ್ದ ಐದು ದಿನ

ಅಪ್ಪ ತೀರಿಕೊಂಡು ಮೂರು ವಾರಕ್ಕೆ ನನ್ನ ತಮ್ಮ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದಿದ್ದ. ಒಂಟಿ ನಳಿಗೆಯ ಹಳೇ ಕೋವಿ, ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಲ್ಲಿ ಸಿಕ್ಕ ಲೈಸೆನ್ಸು. ಚುನಾವಣೆ ಬಂದಾಗಲೆಲ್ಲ ಊರಿನ ಉಳಿದ ಕೋವಿಗಳ ಜೊತೆ ಅದೂ ಠಾಣೆಗೆ ಹೋಗಿ, ಎಲ್ಲ ಮುಗಿದ ಮೇಲೆ ಜಗಲಿಯ ಗೂಟಕ್ಕೆ ವಾಪಸು ಬರುತ್ತಿತ್ತು. ಈ ಸಲ ಹಾಗಲ್ಲ. ಲೈಸೆನ್ಸಿನ ಯಜಮಾನರೇ ಇಲ್ಲ. ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಕೈಬಿಡಬೇಕು. ಅರ್ಜಿಗೆ ನನ್ನ ಒಪ್ಪಿಗೆಯ ಸಹಿಯೂ ಬೇಕೆಂದು ಸಂಕ್ರಾಂತಿ ಕಳೆದ ವಾರ ತಮ್ಮ ಶಿವಮೊಗ್ಗದ ನಮ್ಮ ಮನೆಗೆ ಬಂದ.

ನಾನು ಸಹಿ ಹಾಕಲಿಲ್ಲ, ಆಗುವುದಿಲ್ಲ ಅಂತಲೂ ಹೇಳಲಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕವಲೇದುರ್ಗ, ಆಗುಂಬೆ, ಕೊಡಚಾದ್ರಿ ನಡೆದು ನೋಡಬೇಕೆಂದು ಅಪ್ಪನ ಜೊತೆ ಎಷ್ಟೋ ಸಲ ಮಾತಾಡಿಕೊಂಡಿದ್ದೆ, ಅದು ಆಗಲೇ ಇಲ್ಲ. "ಐದು ದಿನ ನನ್ನ ಜೊತೆ ಬಾ. ಆಮೇಲೆ ಮನೆಗೆ ಬಂದು ಅಲ್ಲೇ ಸಹಿ ವಿಷಯ ಮಾತಾಡೋಣ" ಅಂದೆ.

"ಕೋವಿ ಇಲ್ದೆ ಕಾಡಿಗೆ ಎಂತಕ್ಕೆ ಅಕ್ಕಾ?" ಅಂದ. ತಮಾಷೆಗೆ ಹೇಳಿದ ಮಾತಲ್ಲ. ತೋಟದಲ್ಲೇ ಬದುಕುವವನು ಅವನು, ಕಾಟಿ (ಕಾಡುಕೋಣ), ಹಂದಿ, ಮಂಗ ಎಲ್ಲದರ ಜೊತೆ ದಿನಾ ಗುದ್ದಾಡುವವನು. ಪೇಟೆಯಲ್ಲಿ ಕೂತ ಅಕ್ಕನಿಗೆ ಅದರ ಕಷ್ಟ ಏನು ಗೊತ್ತು ಎನ್ನುವ ಬೇಸರ ಆ ಪ್ರಶ್ನೆಯಲ್ಲಿತ್ತು. ಕೋವಿ ಕೈಯಲ್ಲಿದ್ದರೂ ಅಭಯಾರಣ್ಯದೊಳಗೆ ತೆಗೆದುಕೊಂಡು ಹೋಗುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನಲ್ಲಿ ಅದಕ್ಕೆ ತಡೆಯಿದೆ ಎಂದೆ. ಕಾನೂನಿನ ಮಾತಿಗೆ ಅವನು ತಲೆದೂಗಿದನೇ ಹೊರತು ಒಪ್ಪಿದಂತೆ ಕಾಣಲಿಲ್ಲ.

ಮೊದಲ ದಿನ: ಸಕ್ರೆಬೈಲು

ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ. ಹೋದರೆ ಸಕ್ರೆಬೈಲು ಆನೆ ಬಿಡಾರ. ಎಂಟೂವರೆಗೆ ಮುಟ್ಟಿದಾಗ ತುಂಗೆಯ ಹಿನ್ನೀರಿನಲ್ಲಿ ಆನೆಗಳು ಪಕ್ಕಕ್ಕೆ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದವು. ಮಕ್ಕಳ ಗಲಾಟೆ, ಫೋಟೊ, ನೀರಿನ ಎರಚಾಟ. ಅದೆಲ್ಲ ಮುಗಿದ ಮೇಲೆ ಹಿರಿಯ ಮಾವುತರೊಬ್ಬರು ಮರದ ಬುಡದಲ್ಲಿ ಕೂತಿದ್ದರು. ಅವರ ಬಳಿ ಹೋಗಿ ಕೂತೆವು.

ಬಿಡಾರದ ಆನೆಗಳನ್ನು ಮೇಯಲು ಶೆಟ್ಟಿಹಳ್ಳಿ ಕಾಡಿಗೆ ಬಿಡುತ್ತಾರೆ, ಕಾಲಿಗೆ ಉದ್ದನೆಯ ಸರಪಳಿ ಹಾಕಿ. ಬೆಳಗಿನ ಜಾವ ಮಾವುತರೂ ಅವರ ಸಹಾಯಕರಾದ ಕಾವಾಡಿಗಳೂ ಆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರಬೇಕು. ಅದೇ ಕಾಡಿನಲ್ಲಿ ಕಾಡಾನೆಯೂ ಇರುತ್ತದೆ. ಮಬ್ಬುಗತ್ತಲಲ್ಲಿ ಇಬ್ಬರು ಮನುಷ್ಯರು ಆನೆ ಹುಡುಕಿಕೊಂಡು ನಡೆಯುವ ಕೆಲಸ. ತಮ್ಮ ನೇರವಾಗಿ ಕೇಳಿದ: "ಕೈಯಾಗೆ ಎಂತ ಇಟ್ಕೊಂಡು ಹೋಗ್ತೀರಿ?"

"ಒಂದು ಕತ್ತಿ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ" ಅಂದರು. "ಬೀಡಿ ಸೇದೋಕಷ್ಟೇ ಅಲ್ಲ ಸಾರ್, ಗಾಳಿ ನೋಡೋಕೆ."

ಹೊಗೆ ಎತ್ತ ಬಾಗುತ್ತದೋ ಗಾಳಿ ಅತ್ತ. ನಮ್ಮ ಕಡೆಯಿಂದ ಗಾಳಿ ಮುಂದಕ್ಕೆ ಬೀಸುತ್ತಿದ್ದರೆ ಕಾಡಾನೆಗೆ ನಮ್ಮ ವಾಸನೆ ಮೊದಲೇ ಮುಟ್ಟುತ್ತದೆ, ಅದು ತನ್ನ ಪಾಡಿಗೆ ಸರಿದು ಹೋಗುತ್ತದೆ. ಗಾಳಿ ಅದರ ಕಡೆಯಿಂದ ನಮ್ಮತ್ತ ಬರುತ್ತಿದ್ದರೆ ಅದಕ್ಕೆ ನಾವು ಬಂದದ್ದೇ ಗೊತ್ತಾಗುವುದಿಲ್ಲ. ಆನೆಯ ಕಣ್ಣು ಅಷ್ಟಕ್ಕಷ್ಟೆ, ಮೂಗು ಹಾಗಲ್ಲ. ಹತ್ತು ಮಾರು ಹತ್ತಿರ ಹೋಗುವವರೆಗೂ ಇಬ್ಬರಿಗೂ ಇಬ್ಬರ ಸುದ್ದಿ ಇಲ್ಲ, ಆಮೇಲೆ ಒಮ್ಮೆಗೇ ಎದುರುಬದುರು. ಅನಾಹುತವಾಗುವುದು ಹೆಚ್ಚಾಗಿ ಹಾಗೇ ಎಂದರು. ನಾನು ತರಗತಿಯಲ್ಲಿ ಆನೆಯ ಘ್ರಾಣಶಕ್ತಿಯ ಬಗ್ಗೆ ಎಷ್ಟು ಸಲ ಹೇಳಿಲ್ಲ! ಆದರೆ ಅದನ್ನು ಬೀಡಿಯ ಹೊಗೆಗೆ ಜೋಡಿಸಿ ನೋಡಿದ್ದು ಅವತ್ತೇ.

ಕಿವಿಯ ಪಾಠ ಇನ್ನೂ ಸೂಕ್ಷ್ಮ. ಸರಪಳಿ ಸದ್ದಾದರೆ ತಮ್ಮ ಆನೆ. ಸರಪಳಿಯಿಲ್ಲದೆ ಬಿದಿರು ಮುರಿಯುವ ಸದ್ದು ಮಾತ್ರ ಬಂದರೆ ಕಾಡಾನೆ, ನಿಲ್ಲಬೇಕು. ಆದರೆ ಮುರಿಯುತ್ತಿದ್ದ ಸದ್ದು ಫಕ್ಕನೆ ನಿಂತರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಆನೆ ಮೇಯುವುದು ಬಿಟ್ಟು ನಿಮ್ಮನ್ನು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಆಗ ಬಂದ ದಾರಿಯಲ್ಲೇ ಹಿಂದೆ ಬರಬೇಕು. ಲದ್ದಿ ಕಂಡರೆ ಕಾಲಿನಿಂದ ಒಡೆದು ನೋಡಬೇಕು. ಒಳಗೆ ಬಿಸಿಯಿದ್ದರೆ ಆನೆ ಪಕ್ಕದಲ್ಲೇ ಇದೆ. ಕಿವಿ ಅಗಲಿಸಿ, ತಲೆ ಎತ್ತಿ, ನಾಲ್ಕು ಹೆಜ್ಜೆ ಬಂದು ನಿಂತರೆ ಅದು ಬೆದರಿಕೆ. ಕಿವಿ ಹಿಂದಕ್ಕೆ ಅಂಟಿಸಿ ಸೊಂಡಿಲು ಒಳಕ್ಕೆ ಸುತ್ತಿ ಬಂದರೆ ಮಾತ್ರ ನಿಜವಾದ ದಾಳಿ. ಕೆನ್ನೆಯಲ್ಲಿ ಮದದ ಕಲೆ ಇಳಿಯುತ್ತಿರುವ ಗಂಡಾನೆ ದೂರದಲ್ಲಿ ಕಂಡರೂ ಅವತ್ತು ಆ ದಿಕ್ಕಿಗೆ ಹೋಗುವ ಮಾತೇ ಇಲ್ಲ.

"ಆದ್ರೂ ಒಂದು ಗುಂಡು ಹಾರಿಸಿದ್ರೆ ಓಡ್ತದಲ್ಲ?" ತಮ್ಮ ಬಿಡಲಿಲ್ಲ.

"ಮೊದಲನೇ ಸಲ ಓಡ್ತದೆ, ಎರಡನೇ ಸಲಾನೂ ಓಡ್ತದೆ" ಅಂದರು ಮಾವುತರು. "ಆಮೇಲೆ ಸದ್ದು ಬಂದ ಕಡೆಗೇ ಬರ್ತದೆ. ಪಟಾಕಿ ಹೊಡೆದು ಹೊಡೆದು ಸಿಟ್ಟು ಬರಿಸಿದ ಆನೆ ನೋಡಿದೀನಿ. ಅದು ಮನುಷ್ಯನ ಬೆವರು ವಾಸನೆ ಬಂದ್ರೆ ಸಾಕು, ಕಾಯೋದೇ ಇಲ್ಲ."

ಆನೆಗಿಂತ ತಮಗೆ ಕರಡಿಯ ಭಯ ಹೆಚ್ಚು ಎಂದೂ ಹೇಳಿದರು. ಹುತ್ತಕ್ಕೆ ಮೂತಿ ಹಾಕಿ ಗೆದ್ದಲು ಹೀರುತ್ತಿದ್ದರೆ ಅದಕ್ಕೆ ಲೋಕದ ಪರಿವೆ ಇರುವುದಿಲ್ಲ. ಹತ್ತಿರ ಹೋದಾಗ ಗಾಬರಿಬಿದ್ದು ಮುಖಕ್ಕೇ ಎಗರುತ್ತದೆ. ಅದಕ್ಕೇ ಪೊದೆ ದಟ್ಟವಾಗಿರುವಲ್ಲಿ ಇಬ್ಬರೂ ಜೋರಾಗಿ ಮಾತಾಡಿಕೊಂಡು ಹೋಗುತ್ತಾರೆ. ಮೇಲೆ ಬಿದ್ದೇ ಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಕುತ್ತಿಗೆಯ ಹಿಂದೆ ಹೆಣೆದು, ಮುಖ ನೆಲಕ್ಕೆ ಒತ್ತಿ ಸುಮ್ಮನಿರಬೇಕು.

ಕಾರಿನಲ್ಲಿ ತಮ್ಮ ಮೊಬೈಲ್‌ನಲ್ಲಿ ನೋಡಿದ, ಅಮೆರಿಕದಲ್ಲಿ ಕರಡಿ ಓಡಿಸಲು ಬಳಸುವ ಖಾರದ ಸ್ಪ್ರೇ ವಿಷಯ ತೆಗೆದ. ಅದು ಸುಳ್ಳಲ್ಲ. ಅಲಾಸ್ಕಾದಲ್ಲಿ ನಡೆದ ಘಟನೆಗಳನ್ನು ಒಟ್ಟುಮಾಡಿ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದೆ. ಕಂದು ಕರಡಿಗಳ ಮೇಲೆ ಸ್ಪ್ರೇ ಬಳಸಿದ ಪ್ರಸಂಗಗಳಲ್ಲಿ ಶೇ. 92ರಷ್ಟು ಸಲ ಅದು ಕರಡಿಯ ಪುಂಡಾಟ ನಿಲ್ಲಿಸಿತ್ತು. ಅದೇ ತಂಡ 2012ರಲ್ಲಿ ಬಂದೂಕಿನ ಲೆಕ್ಕವನ್ನೂ ಹಾಕಿತು. ಬಂದೂಕು ಹಿಡಿದವರಲ್ಲಿ ಅದನ್ನು ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅದು ಅಲ್ಲಿನ ಕರಡಿಯ ಕಥೆ. ನಮ್ಮ ಕಾಟಿಗೂ ಆನೆಗೂ ಅದೇ ಡಬ್ಬಿ ಹಿಡಿದು ನಿಲ್ಲು ಎಂದು ನಾನು ಯಾರಿಗೂ ಹೇಳಲಾರೆ. ಎದುರುಗಾಳಿಯಿದ್ದರೆ ಖಾರ ನಮ್ಮ ಕಣ್ಣಿಗೇ. ಅಲ್ಲೂ ಬೀಡಿಯ ಹೊಗೆಯೇ ಮೊದಲು ಬೇಕಾಯಿತು ಅಂದೆ. ತಮ್ಮ ನಕ್ಕ, ಆ ದಿನದ ಮೊದಲ ನಗು.

ಮಂಡಗದ್ದೆಯಲ್ಲಿ ಹಕ್ಕಿಗಳ ಕಾಲ ಮುಗಿದಿತ್ತು, ನಿಲ್ಲಲಿಲ್ಲ. ರಾತ್ರಿ ತೀರ್ಥಹಳ್ಳಿ ಹತ್ತಿರ ದೊಡ್ಡಪ್ಪನ ಮಗಳ ಮನೆಯಲ್ಲಿ ಉಳಿದೆವು. ಹಿಂದಿನ ತಿಂಗಳಷ್ಟೇ ಅವರ ನಾಯಿಯನ್ನು ಚಿರತೆ ಒಯ್ದಿತ್ತು. ಈಗ ಹೊಸ ಮರಿಯನ್ನು ಕತ್ತಲಾಗುತ್ತಲೇ ಒಳಗೆ ಕಟ್ಟುತ್ತಾರೆ, ಕೊಟ್ಟಿಗೆಯ ಬಾಗಿಲು ಭದ್ರಪಡಿಸಿದ್ದಾರೆ. ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಹೇಳಿದ ಮಾತು ನೆನಪಿಟ್ಟುಕೊಂಡಿದ್ದೇನೆ: "ರಾತ್ರಿ ಹೊರಗೆ ಹೋದ್ರೆ ಬಗ್ಗಬ್ಯಾಡ, ಕೂರಬ್ಯಾಡ ಮಗಾ. ನೆಟ್ಟಗೆ ನಿಂತ ಮನುಷ್ಯ ಬೇರೆ, ಕೂತ ಮನುಷ್ಯ ಬೇರೆ, ಅದರ ಕಣ್ಣಿಗೆ." ಚಿರತೆ ಎದುರಾದರೆ ಓಡಬಾರದು, ಬೆನ್ನು ತಿರುಗಿಸಬಾರದು, ಮಕ್ಕಳಿದ್ದರೆ ಎತ್ತಿಕೊಂಡು ದೊಡ್ಡದಾಗಿ ಕಾಣುವಂತೆ ನಿಂತು, ಜೋರಾಗಿ ಮಾತಾಡುತ್ತ ಹಿಂದೆ ಸರಿಯಬೇಕು. ಪುಸ್ತಕದಲ್ಲಿರುವುದೂ ಅದೇ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಎರಡನೇ ದಿನ: ಕವಲೇದುರ್ಗ

ಕೆಳದಿ ನಾಯಕರ ಕೋಟೆ. ಗದ್ದೆ ದಾಟಿ ಕಲ್ಲು ಹಾಸಿನ ದಾರಿ ಹಿಡಿದು ಹತ್ತಬೇಕು. ಒಂದರ ಹಿಂದೆ ಒಂದು ಹೆಬ್ಬಾಗಿಲು, ಪಾಳುಬಿದ್ದ ಅರಮನೆಯ ತಳಪಾಯ, ಕೊಳ, ತುದಿಯಲ್ಲಿ ಪುಟ್ಟ ಗುಡಿ. ಕೋಟೆಯ ಕಥೆ ಬೇರೆ ಬರೆಯುವಷ್ಟಿದೆ, ಇಲ್ಲಿ ಬೇಡ.

ಗೋಡೆಯ ಎತ್ತರದ ಸಂದಿನಲ್ಲಿ ಹೆಜ್ಜೇನು ಕಟ್ಟಿತ್ತು. ಕೆಳಗೆ ಪೇಟೆಯ ಹುಡುಗರ ಗುಂಪೊಂದು ಒಣಸೊಪ್ಪು ಒಟ್ಟಿ ಬೆಂಕಿ ಹಚ್ಚುವ ತಯಾರಿಯಲ್ಲಿತ್ತು, ಕಾಫಿ ಕಾಸಲಿಕ್ಕಂತೆ. ತಮ್ಮ ಓಡಿಹೋಗಿ ಕಾಲಿನಿಂದ ಸೊಪ್ಪು ಚದುರಿಸಿದ. ಅವರಿಗೆ ಕೋಪ ಬಂತು. ಆಗ ಅವನು ಬೆರಳು ಮೇಲೆತ್ತಿ ತೋರಿಸಿದ. ಕಪ್ಪು ಹಲಗೆಯಂತೆ ನೇತಾಡುತ್ತಿದ್ದುದು ಹುಳುವಿನ ರಾಶಿಯೆಂದು ತಿಳಿದ ಮೇಲೆ ಒಬ್ಬನೂ ಮಾತಾಡಲಿಲ್ಲ. ಹೊಗೆ, ಕಲ್ಲೇಟು, ಘಾಟು ಸೆಂಟು ಇವು ಹೆಜ್ಜೇನನ್ನು ಎಬ್ಬಿಸುತ್ತವೆ. ಎದ್ದ ಮೇಲೆ ಕೈ ಬೀಸುತ್ತ ನಿಂತರೆ ಮುಗಿಯಿತು. ಒಂದು ಹುಳು ಕಚ್ಚಿದ ಜಾಗದ ವಾಸನೆಗೇ ಉಳಿದವು ಬರುತ್ತವೆ. ಬಟ್ಟೆಯಿಂದ ಮುಖ ಮುಚ್ಚಿಕೊಂಡು ಓಡಬೇಕು, ಮನೆಯೋ ಕಾರೋ ಸಿಕ್ಕಿ ಬಾಗಿಲು ಹಾಕಿಕೊಳ್ಳುವವರೆಗೂ ನಿಲ್ಲಬಾರದು. ಕೊಳಕ್ಕೆ ಧುಮುಕಿದರೆ ತಲೆ ಎತ್ತುವವರೆಗೂ ಅವು ಮೇಲೆಯೇ ಸುತ್ತುತ್ತಿರುತ್ತವೆ.

ಇಳಿಯುವಾಗ ತಮ್ಮನಿಗೆ ಹೇಳಿದೆ, "ನೀನು ಮೇಲೆ ನೋಡಿದೆ, ಆ ಹುಡುಗರು ನೋಡಲಿಲ್ಲ, ಅಷ್ಟೇ ವ್ಯತ್ಯಾಸ." ಅವನು ಉತ್ತರಿಸಲಿಲ್ಲ. ಆದರೆ ಹೊಗಳಿಕೆ ಅವನಿಗೆ ಹಿತವಾಗಿತ್ತು, ನನಗೆ ಗೊತ್ತಾಯಿತು.

ಮೂರನೇ ದಿನ: ಆಗುಂಬೆ

ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ಜನವರಿಯಲ್ಲಿ ಒಣಗಿ ಗರಿಗರಿಯಾಗಿರುತ್ತದೆ. ಇಂಬಳದ (ಜಿಗಣೆಯ) ಕಾಟವೂ ಇಲ್ಲ. ಇದು ಕಾಳಿಂಗದ ಸೀಮೆ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗದ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅದರ ಓಡಾಟವನ್ನು ಹಿಂಬಾಲಿಸಿ ತಿಳಿದ ಜಾಗ ಇದು.

ನಾವು ಉಳಿದ ಮನೆಯಲ್ಲಿ ಅಡಿಕೆ ಸುಲಿಯುವ ಹೊತ್ತು. ಅಂಗಳದ ತುಂಬ ಜನ, ಮೆಟ್ಟುಗತ್ತಿಯ ಸದ್ದು, ಹಂಡೆಯ ಚೊಗರಿನ ವಾಸನೆ. ಮನೆಯ ಯಜಮಾನರು ಹೋದ ವರ್ಷ ಬಚ್ಚಲ ಸೌದೆಯ ಹಿಂದೆ ಕಾಳಿಂಗ ಬಂದು ಕೂತ ಕಥೆ ಹೇಳಿದರು. ಹನ್ನೆರಡು ಅಡಿ ಇದ್ದಿರಬಹುದಂತೆ. ಯಾರೂ ದೊಣ್ಣೆ ಎತ್ತಲಿಲ್ಲ. ಮಕ್ಕಳನ್ನು ಒಳಗೆ ಕಳಿಸಿ, ಎಲ್ಲರೂ ದೂರ ಸರಿದು, ಅದಕ್ಕೆ ತೋಟದ ಕಡೆಯ ದಾರಿ ತೆರವು ಮಾಡಿಕೊಟ್ಟು ಕಾದರು. ಕೇರೆ ಹಾವಿನ ಬೆನ್ನು ಹತ್ತಿ ಬಂದಿದ್ದು, ಕೇರೆಯನ್ನು ನುಂಗಿ, ಸಂಜೆಯ ಹೊತ್ತಿಗೆ ತಾನೇ ಹೋಯಿತು. ಕಾಳಿಂಗದ ಮುಖ್ಯ ಆಹಾರವೇ ಹಾವು. ಮನುಷ್ಯನ ತಂಟೆಗೆ ಬರುವುದು ತೀರಾ ಅಪರೂಪ. ಆದರೆ ಕಚ್ಚಿದರೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಔಷಧಿ ಅದಕ್ಕೆಂದು ಮಾಡಿದ್ದಲ್ಲ. ಆ ಔಷಧಿ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಇಷ್ಟು ತಿಳಿದವರು ಕೆಣಕಲು ಹೋಗುವುದಿಲ್ಲ.

ಈ ಮನೆಯವರ ಶಿಸ್ತು ಕಂಡು ನನಗೆ ಸಂತೋಷವಾಯಿತು. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ. ಅಡಿಕೆ ಸಿಪ್ಪೆಯ ಗುಡ್ಡೆಗೆ, ಸೌದೆ ಒಟ್ಟಿಲಿಗೆ ಬರಿಗೈ ಹಾಕುವುದಿಲ್ಲ, ಮೊದಲು ಕೋಲಿನಿಂದ ತಟ್ಟುತ್ತಾರೆ. ಹಾವಿಗೆ ನಮ್ಮ ಮಾತಿಗಿಂತ ನೆಲದ ಅದುರು ಬೇಗ ಮುಟ್ಟುತ್ತದೆ, ಆದ್ದರಿಂದ ಹೆಜ್ಜೆ ಗಟ್ಟಿಯಾಗಿ ಊರಿ ನಡೆಯುತ್ತಾರೆ. ದಾರಿಗೆ ಬಿದ್ದ ದಿಮ್ಮಿಯನ್ನು ಹಾರಿ ದಾಟುವುದಿಲ್ಲ, ಮೇಲೆ ಹತ್ತಿ ಆಚೆ ನೋಡಿ ಇಳಿಯುತ್ತಾರೆ. ನೆಲದ ಮೇಲೆ ಹಾಸಿಗೆ ಹಾಕುವುದಿಲ್ಲ, ಮಂಚಕ್ಕೆ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತಾರೆ. ಕಟ್ಟುಹಾವು ಕಚ್ಚುವುದು ಮಲಗಿದವರನ್ನೇ, ನೋವೂ ಗೊತ್ತಾಗದ ಹಾಗೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಇಲ್ಲ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, 108ಕ್ಕೆ ಫೋನು ಮಾಡಿ ನೇರ ಆಸ್ಪತ್ರೆ. ಈ ಒಂದು ವಿಷಯದಲ್ಲಿ ನಾಟಿ ಔಷಧಿಗೆಂದು ಹೊತ್ತು ಕಳೆದು ಜೀವ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಅವತ್ತು ರಾತ್ರಿ ಜಗಲಿಯಲ್ಲಿ ಇಬ್ಬರೇ ಕೂತಿದ್ದಾಗ ಅಪ್ಪನ ವಿಷಯ ಬಂತು. ತಮ್ಮ ಕೇಳಿದ: "ಅಪ್ಪ ವರ್ಷಾವರ್ಷ ಕೋವಿಗೆ ಎಣ್ಣೆ ಹಾಕಿ ಒರಸ್ತಿದ್ರು. ಒಂದು ಸಲವೂ ಹೊಡೆದದ್ದು ನಾನು ನೋಡ್ಲಿಲ್ಲ. ಎಂತಕ್ಕೆ?"

ಹೇಳಬೇಕೋ ಬೇಡವೋ ಎಂದು ಐದು ನಿಮಿಷ ಸುಮ್ಮನಿದ್ದು, ಹೇಳಿದೆ.

ನನಗಾಗ ಹತ್ತು ವರ್ಷ, ಅವನು ತೊಟ್ಟಿಲಲ್ಲಿ. ಗದ್ದೆಗೆ ಹಂದಿ ಬೀಳುತ್ತಿದ್ದ ಕಾಲ. ಅಪ್ಪ ಮಾಳದಲ್ಲಿ ಕಾದು ಕೂತು ಗುಂಡು ಹೊಡೆದರು. ಗುಂಡು ತಗುಲಿತು, ಹಂದಿ ಬೀಳಲಿಲ್ಲ. ಬೆಳಗ್ಗೆ ನೆತ್ತರಿನ ಜಾಡು ಹಿಡಿದು ಹೋದವರಲ್ಲಿ ನಮ್ಮ ಮನೆಗೆ ಮರ ಹತ್ತಿ ಅಡಿಕೆ ಕೊನೆ ತೆಗೆಯಲು ಬರುತ್ತಿದ್ದವನು ಮುಂದಿದ್ದ. ಹಳುವಿನೊಳಗೆ ಮಲಗಿದ್ದ ಗಾಯದ ಹಂದಿ ನುಗ್ಗಿ ಅವನ ತೊಡೆ ಸೀಳಿತು. ಕಂಬಳಿಯಲ್ಲಿ ಹೊತ್ತು ತಂದರು. ಅಂಗಳದಲ್ಲಿ ಇಳಿಸಿದಾಗ ಕಂಬಳಿಯಿಂದ ರಕ್ತ ತೊಟ್ಟಿಕ್ಕುತ್ತಿದ್ದುದು ನನಗೆ ಇವತ್ತಿಗೂ ಕಾಣುತ್ತದೆ. ಜೀವ ಉಳಿಯಿತು. ಐವತ್ತಡಿ ಮರವನ್ನು ಸರಸರ ಏರುತ್ತಿದ್ದವನು ಆಮೇಲೆ ಬದುಕಿಡೀ ಅಂಗಳದಲ್ಲಿ ಕೂತು ಅಡಿಕೆ ಸುಲಿದ.

ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. "ನಾನು ಮರದಿಂದ ಬಿದ್ದದ್ದು ಅಂತ ತಿಳ್ಕೊಂಡಿದ್ದೆ" ಅಂದ ಕೊನೆಗೆ. "ಸಣ್ಣವನಿದ್ದಾಗ ಅವನ ಕುಂಟು ನಡಿಗೆ ಅಣಕಿಸಿ ಅಪ್ಪನ ಕೈಯಿಂದ ಹೊಡೆತ ತಿಂದಿದ್ದೆ. ಅಪ್ಪ ಹೊಡೆದದ್ದು ಅದೊಂದೇ ಸಲ."

ಒಳಗೆ ಮೆಟ್ಟುಗತ್ತಿಯ ಸದ್ದು ಒಂದೊಂದಾಗಿ ನಿಲ್ಲುತ್ತ ಬಂತು. ನಾವು ಬ್ಯಾಟರಿ ಬಿಟ್ಟುಕೊಂಡು ಎದ್ದೆವು.

ನಾಲ್ಕನೇ ದಿನ: ಕೊಡಚಾದ್ರಿ

ನಗರ ಎಂಬ ಊರಿನ ಕೋಟೆಯನ್ನು ದಾರಿಯಲ್ಲೇ ನೋಡಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು ಹೊರಟೆವು. ಅವರನ್ನು ಎಲ್ಲರೂ ಗೌಡ್ರೇ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಹೊರಡುವ ಮೊದಲು ಗೌಡರು ಒಂದು ಬಾಟಲಿ ತೆಗೆದು ನಮ್ಮ ಕಾಲು, ಕೈ, ಕುತ್ತಿಗೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದರು. ಆಶಾ ಕಾರ್ಯಕರ್ತೆ ಮನೆಮನೆಗೆ ಕೊಟ್ಟುಹೋದ ಡೇಪಾ ಎಣ್ಣೆ, ರಕ್ತ ಹೀರುವ ಉಣ್ಣೆ ಹುಳು ಹತ್ತದಂತೆ.

ಈ ಜಿಲ್ಲೆಯವರಿಗೆ ಉಣ್ಣೆಯ ಭಯ ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಪತ್ತೆಯಾದ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ, ಆ ಕಾಡಿನ ಹೆಸರಿನಿಂದಲೇ ಜಗತ್ತಿಗೆಲ್ಲ ಗೊತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ತಂದ ಸಾವುನೋವು ಇನ್ನೂ ಹಸಿಯಾಗಿದೆ. ಡಿಸೆಂಬರ್‌ನಿಂದ ಮೇವರೆಗೆ, ತರಗೆಲೆ ಒಣಗಿರುವ ಕಾಲದಲ್ಲಿ ಎಳ್ಳಿನ ಕಾಳಿನಷ್ಟಿರುವ ಮರಿ ಉಣ್ಣೆ ಹತ್ತಿಕೊಳ್ಳುತ್ತದೆ. ತುಂಬುತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಮನೆಗೆ ಬಂದೊಡನೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. "ಇದಕ್ಕೆ ಯಾವ ಕೋವಿ ಗುರಿ ಇಡೋದು" ಎಂದು ತಮ್ಮನೇ ಹೇಳಿದ. ನಾನು ಹೇಳಿದ್ದಲ್ಲ.

1343 ಮೀಟರ್ ಎತ್ತರದ ತುದಿಯವರೆಗೆ ಹತ್ತಿ, ಸರ್ವಜ್ಞಪೀಠದ ಕಲ್ಲಿನ ಮಂಟಪದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಎಲೆ, ಸಿಪ್ಪೆ ಎಲ್ಲವನ್ನೂ ಗೌಡರು ಚೀಲಕ್ಕೆ ತುಂಬಿಸಿದರು. ಅನ್ನದ ವಾಸನೆ ದಾರಿಯಲ್ಲಿ ಬಿಟ್ಟರೆ ಮಂಗ ಬರುತ್ತದೆ, ಹಂದಿ ಬರುತ್ತದೆ, ನಾಳೆ ಬರುವವರಿಗೆ ಕಷ್ಟ ಎಂದರು.

ಇಳಿಯುವಾಗ ನಾಲ್ಕು ಗಂಟೆ ದಾಟಿತ್ತು. ಹುಲ್ಲಿನ ಬ್ಯಾಣ ಮುಗಿದು ಸೋಲೆ ಕಾಡು ಶುರುವಾಗುವಲ್ಲಿ ದಾರಿ ಬಲಕ್ಕೆ ತಿರುಗುತ್ತದೆ. ಗೌಡರು ಪ್ರತಿ ತಿರುವಿನ ಮುಂಚೆ ಒಂದು ಕೂಗು ಹಾಕುತ್ತಿದ್ದರು, ಉದ್ದಕ್ಕೆ ಎಳೆದ "ಕೂ". ಆ ತಿರುವಿನಲ್ಲಿ ಎಲೆ ಅಡಿಕೆ ಬಾಯಲ್ಲಿತ್ತು, ಕೂಗಲಿಲ್ಲ. ತಿರುಗಿದರೆ ಇಪ್ಪತ್ತು ಹೆಜ್ಜೆಯಲ್ಲಿ ಕಾಟಿ.

ಒಂಟಿ ಗಂಡು. ಮೈ ಕರ್ರಗೆ ಹೊಳೆಯುತ್ತಿತ್ತು, ಮೊಣಕಾಲಿನ ಕೆಳಗೆ ಬಿಳಿ, ಹೆಗಲ ಮೇಲಿನ ಡುಬ್ಬ ನನ್ನ ತಲೆಗಿಂತ ಎತ್ತರ. ತುಂಬಿ ಬೆಳೆದ ಗಂಡು ಒಂದು ಟನ್ ತೂಗುತ್ತದೆ ಎಂದು ಪಾಠ ಹೇಳುವುದು ಸುಲಭ. ಅದು ಪುಸ್ಸೆಂದು ಉಸಿರು ಬಿಟ್ಟ ಸದ್ದು ನನ್ನ ಎದೆಗೇ ತಗುಲಿತು. ತಮ್ಮ ನನ್ನ ರಟ್ಟೆ ಹಿಡಿದ, ಚಿಕ್ಕವನಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದಂತೆ.

ಗೌಡರು ಕೈ ಹಿಂದೆ ಮಾಡಿ ನಿಲ್ಲಿ ಎಂದು ಸನ್ನೆ ಕೊಟ್ಟರು. ಆಮೇಲೆ ಮಾತಾಡತೊಡಗಿದರು, ಕಾಟಿಯ ಜೊತೆ, ಪಕ್ಕದ ಮನೆಯವನ ಜೊತೆ ಆಡುವ ದನಿಯಲ್ಲಿ. "ನಿನ್ ದಾರಿ ನಿಂಗೆ ಮಾರಾಯ. ನಾವು ಕೆಳಗೆ ನಿಲ್ತೀವಿ. ಹೋಗು." ಮಾತಾಡುತ್ತಲೇ ಒಂದೊಂದು ಹೆಜ್ಜೆ ಹಿಂದೆ, ಓರೆಯಾಗಿ, ದಾರಿ ಬಿಟ್ಟು ಕೆಳಬದಿಗೆ. ನಮ್ಮನ್ನೂ ಹಾಗೇ ಸರಿಸಿದರು. ಅಲ್ಲೊಂದು ದಪ್ಪ ಮರವಿತ್ತು, ಅದರ ಹಿಂದೆ ಮೂವರೂ ನಿಂತೆವು. ಕಾಟಿ ತಲೆ ತಗ್ಗಿಸಿ ಅಡ್ಡ ತಿರುಗಿ ತನ್ನ ಇಡೀ ಮೈ ತೋರಿಸಿತು. ನಾನೆಷ್ಟು ದೊಡ್ಡವನು ನೋಡು ಎನ್ನುವ ಪರಿ ಅದು. ಆಗ ಮುಂದೆ ಬರುವವನೂ ತಪ್ಪು, ಓಡುವವನೂ ತಪ್ಪು. ಓಡಿದರೆ ಬೇರು, ಕಲ್ಲು, ಇಳಿಜಾರು, ನಮ್ಮ ಕಾಲೇ ನಮಗೆ ಶತ್ರು.

ಇಪ್ಪತ್ತು ನಿಮಿಷ. ಗಡಿಯಾರ ನೋಡಿದ್ದರಿಂದ ಹೇಳುತ್ತಿದ್ದೇನೆ, ಇಲ್ಲದಿದ್ದರೆ ಎರಡು ಗಂಟೆ ಎನ್ನುತ್ತಿದ್ದೆ. ಅದು ನಿಂತಿತು, ಹುಲ್ಲಿನ ಎಸಳು ಕಿತ್ತಿತು, ಮತ್ತೆ ನಮ್ಮತ್ತ ಮೂಗು ಮಾಡಿತು. ಮೇಲಿನಿಂದ ಬೇರೊಂದು ಗುಂಪಿನವರ ಮಾತು ಕೇಳಿದಾಗ ಗೌಡರು ಜೋರಾಗಿ "ಕಾಟಿ ಇದೆ, ಅಲ್ಲೇ ನಿಲ್ಲಿ" ಎಂದು ಕೂಗಿದರು. ಎರಡು ಬದಿಯಿಂದಲೂ ಮನುಷ್ಯರಾದರೆ ಅದಕ್ಕೆ ಹೋಗಲು ದಾರಿ ಎಲ್ಲಿ? ಪುಣ್ಯಕ್ಕೆ ಅವರು ನಿಂತರು. ಕೊನೆಗೆ ಕಾಟಿ ನಾವು ಬಿಟ್ಟುಕೊಟ್ಟ ದಾರಿಯಲ್ಲೇ ನಾಲ್ಕು ಹೆಜ್ಜೆ ನಡೆದು, ಎಡಕ್ಕೆ ಸೋಲೆಯೊಳಗೆ ಇಳಿಯಿತು. ಅಷ್ಟು ದೊಡ್ಡ ಮೈ, ಒಂದು ಕಡ್ಡಿ ಮುರಿದ ಸದ್ದಿಲ್ಲ.

ಗೌಡರು ಮೊದಲು ಮಾಡಿದ್ದು ಬಾಯಿಯ ಎಲೆ ಅಡಿಕೆ ಉಗಿದದ್ದು. "ನಂದೇ ತಪ್ಪು. ಕೂಗಬೇಕಿತ್ತು" ಅಂದರು. ಕೆಳಗೆ ಮುಟ್ಟುವವರೆಗೂ ಒಂದು ತಿರುವನ್ನೂ ಬಿಡದೆ ಕೂ ಹಾಕಿದರು. ಎರಡನೇ ತಿರುವಿನಿಂದ ತಮ್ಮನೂ ಜೊತೆಗೂಡಿದ.

ಜೀಪು ನಿಂತ ಜಾಗಕ್ಕೆ ಬಂದು ಚಹಾ ಕುಡಿಯುವಾಗ ತಮ್ಮ ತಾನಾಗಿ ಮಾತೆತ್ತಿದ. "ಕೋವಿ ಇದ್ದಿದ್ರೆ ನಾನು ಹಿಂದೆ ಬರ್ತಿರಲಿಲ್ಲ ಅಕ್ಕಾ. ಅಲ್ಲೇ ನಿಂತು ಎತ್ತಿ ಹಿಡೀತಿದ್ದೆ." ಆ ಹಳೇ ಕೋವಿಯಲ್ಲಿ ಒಂದೇ ತೋಟಾ. ಇಪ್ಪತ್ತು ಹೆಜ್ಜೆಯನ್ನು ಕಾಟಿ ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂದು ಇಬ್ಬರೂ ಮನಸ್ಸಿನಲ್ಲೇ ಎಣಿಸಿರಬೇಕು. ಇನ್ನೊಂದು ಲೋಟ ಚಹಾ ಹೇಳಿದೆವು.

ಐದನೇ ದಿನ: ಮನೆ

ಮಧ್ಯಾಹ್ನದ ಹೊತ್ತಿಗೆ ಊರು. ಹೊಸನಗರ, ತೀರ್ಥಹಳ್ಳಿಯ ನಡುವೆ, ಗುಡ್ಡದ ಬುಡದಲ್ಲಿ ನಮ್ಮ ತೋಟ. ನಾದಿನಿ ಕೆಸುವಿನ ಪತ್ರೊಡೆ ಮಾಡಿಟ್ಟಿದ್ದಳು. ಜಗಲಿಯ ಗೂಟದಲ್ಲಿ ಕೋವಿಯ ಜಾಗಕ್ಕೆ ಯಾರೋ ಹಾಳೆ ಟೊಪ್ಪಿ ತೂಗುಹಾಕಿದ್ದರು.

ಊಟದ ಮೇಲೆ ಆನೆ ವಿಷಯ ಮತ್ತೆ ಬಂತು, ಹತ್ತಿರದ ಊರುಗಳಿಗೆ ಈಚೆಗೆ ಆನೆ ಬರುತ್ತಿರುವುದರಿಂದ. ತಮಿಳುನಾಡಿನ ವಾಲ್ಪಾರೈಯಲ್ಲಿ ಮಾಡಿರುವುದನ್ನು ನಾನು ಹೇಳಿದೆ. ಅಲ್ಲಿ ಚಹಾ ತೋಟಗಳ ನಡುವೆ ಕಂಬದ ಮೇಲೆ ಕೆಂಪು ದೀಪ ಹಾಕಿದ್ದಾರೆ, ಸುತ್ತ ಆನೆ ಇದ್ದರೆ ಮೊಬೈಲ್‌ನಿಂದ ದೀಪ ಹೊತ್ತಿಸುತ್ತಾರೆ, ಜನರ ಫೋನಿಗೆ ಸಂದೇಶವೂ ಹೋಗುತ್ತದೆ. ಕೆಲಸ ಮುಗಿಸಿ ಬರುವವರು ಬೇರೆ ದಾರಿ ಹಿಡಿಯುತ್ತಾರೆ. "ನಮ್ಮೂರಲ್ಲಿ ಒಂದು ವಾಟ್ಸ್ಯಾಪ್ ಗುಂಪು ಮಾಡಿದ್ರೂ ಆತು" ಎಂದು ನಾದಿನಿ ಅಂದಳು, ಆಗಲೇ ಫೋನು ತೆಗೆದು ಯಾರ್‍ಯಾರನ್ನು ಸೇರಿಸಬೇಕೆಂದು ಲೆಕ್ಕ ಹಾಕತೊಡಗಿದಳು.

ರಾತ್ರಿ ಎರಡರ ಸುಮಾರಿಗೆ ನಾಯಿ ಬೊಗಳದೆ ಗುರುಗುಟ್ಟಿತು. ತೋಟದೊಳಗೆ ಕಾಟಿ, ಮೂರು, ಅದರಲ್ಲೊಂದು ಕರು. ಹೊಳೆಯ ಬದಿಯ ಬೇಲಿ ಕುಸಿದಲ್ಲಿ ಒಳಗೆ ಬಂದಿದ್ದವು. ಗುಡ್ಡದ ಕಡೆಯ ದಣಪೆ, ಅಂದರೆ ಗಳ ಅಡ್ಡ ಹಾಕಿದ ಬೇಲಿಬಾಗಿಲು, ಮುಚ್ಚಿತ್ತು. ತಮ್ಮ ದೊಡ್ಡ ಬ್ಯಾಟರಿ ಹಿಡಿದು ಎದ್ದ. ನಾನು ಅಂಗಳದ ಮೆಟ್ಟಿಲಲ್ಲಿ ನಿಂತೆ.

ಅವನು ತೋಟಕ್ಕೆ ಇಳಿಯಲಿಲ್ಲ. ಮನೆಯ ಹಿಂದಿನಿಂದ ಸುತ್ತಿ, ಕೊಟ್ಟಿಗೆಯ ಪಕ್ಕದ ಮೇಲಿನ ದಾರಿಯಲ್ಲಿ ಹೋಗಿ, ಗುಡ್ಡದ ದಣಪೆಯ ಗಳಗಳನ್ನು ಒಂದೊಂದಾಗಿ ಸರಿಸಿ ಕೆಳಗಿಟ್ಟು ಬಂದ. ಆಮೇಲೆ ಅಂಗಳದ ಅಂಚಿನಲ್ಲಿ ನಿಂತು ಹಳೇ ಎಣ್ಣೆ ಡಬ್ಬ ತಟ್ಟತೊಡಗಿದ, ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ. ಬೆಳಕನ್ನು ಅವುಗಳ ಕಣ್ಣಿಗೆ ಬಿಡಲಿಲ್ಲ, ತೆರೆದ ದಣಪೆಯ ಹಾದಿಯ ಮೇಲೆ ಬಿಟ್ಟ. "ಹೋಗಿ ಮಾರಾಯ್ರೆ, ಮೇಲೆ ದಾರಿ ಇದೆ" ಎನ್ನುತ್ತಿದ್ದ. ಅರ್ಧ ಗಂಟೆ ಹಿಡಿಯಿತು. ತಾಯಿ ಮೊದಲು, ಕರು ನಡುವೆ, ಹಿಂದೆ ಇನ್ನೊಂದು. ಬೆಳಕಿನ ಪಟ್ಟಿಯಲ್ಲಿ ಬಿಳಿ ಕಾಲುಗಳು ಹಾದು ಗುಡ್ಡ ಸೇರಿದವು.

ಬೆಳಗ್ಗೆ ಹೋಗಿ ನೋಡಿದೆವು. ಎರಡು ವರ್ಷದ ಅಡಿಕೆ ಸಸಿ ಹನ್ನೊಂದು ಮುರಿದಿದ್ದವು. ಪರಿಹಾರದ ಅರ್ಜಿಗೆಂದು ತಮ್ಮ ಒಂದೊಂದರದ್ದೂ ಫೋಟೊ ತೆಗೆದ. ಹನ್ನೊಂದು ಸಸಿ ಸಣ್ಣ ನಷ್ಟವಲ್ಲ, ಅವನ ಮುಖದಲ್ಲಿ ಅದು ಕಾಣುತ್ತಿತ್ತು. ಕೋವಿಯ ಅರ್ಜಿ ನನ್ನ ಚೀಲದಲ್ಲೇ ಇತ್ತು. ಅವನು ಕೇಳಲಿಲ್ಲ, ನಾನೂ ತೆಗೆಯಲಿಲ್ಲ.

ಹೊಳೆಯ ಬದಿಯ ಬೇಲಿಗೆ ಹೊಸ ಗೂಟ ಕಡಿಯಲು ಕತ್ತಿ ಹುಡುಕುತ್ತ ಅವನು ಕೊಟ್ಟಿಗೆಯ ಕಡೆ ಹೋದ. ನಾನು ಮೇಲಕ್ಕೆ ಹೋಗಿ ದಣಪೆಯ ಗಳ ಹಾಕಿ ಬಂದೆ.